ಕ್ಲೌಡ್ ಮಷೀನ್, ಡೇಟಾಬೇಸ್‌ಗೆ ರಿಸರ್ವ್ ದರ: ಚಿಕ್ಕಮಗಳೂರು, ಹಾಸನದಿಂದ ಪದೇ ಪದೇ ಬರುವ ಪ್ರಶ್ನೆಗಳು

ಹೋಮ್‌ಸ್ಟೇ ಬುಕಿಂಗ್, ಕಾಫಿ ಕ್ಯೂರಿಂಗ್ ವರ್ಕ್ಸ್‌ನ ಲೆಕ್ಕ, ಕ್ಲಿನಿಕ್‌ನ ಟೋಕನ್, ಇಂಥ ಸಣ್ಣಪುಟ್ಟ ಸಾಫ್ಟ್‌ವೇರ್ ಮಾಡಿಕೊಡುವುದು ನನ್ನ ಕೆಲಸ. ಕೂರುವುದು ಚಿಕ್ಕಮಗಳೂರಿನಲ್ಲಿ, ಗಿರಾಕಿಗಳು ಹಾಸನದಲ್ಲೂ ಇದ್ದಾರೆ. ಮೊದಲೆಲ್ಲ ಸರ್ವರ್ ಅಂದರೆ ಮೇಜಿನ ಕೆಳಗಿನ ಡಬ್ಬ. ಜೂನ್‌ನಲ್ಲಿ ಮಳೆ ಹಿಡಿದು, ಲೈನ್ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಎರಡು ದಿನ ಎಲ್ಲ ಬಂದ್. ಈಗ ಹೆಚ್ಚಿನವರು ಕ್ಲೌಡ್‌ಗೆ ಹೋಗಿದ್ದಾರೆ, ಅಂದರೆ ದೊಡ್ಡ ಕಂಪನಿಯ ಸರ್ವರನ್ನು ಇಂಟರ್ನೆಟ್ ಮೂಲಕ ಬಾಡಿಗೆಗೆ ಬಳಸುತ್ತಾರೆ. ಕರೆಂಟಿನ ಚಿಂತೆ ಹೋಯಿತು, ಬಿಲ್ಲಿನ ಚಿಂತೆ ಬಂತು. "ಒಂದು ವರ್ಷಕ್ಕೆ ಒಪ್ಪಿಕೊಂಡರೆ ಅರ್ಧಕ್ಕರ್ಧ ಉಳಿಯುತ್ತಂತೆ, ಹೌದಾ?" ಅಂತ ವಾರಕ್ಕೆ ಒಬ್ಬರಾದರೂ ಫೋನ್ ಮಾಡುತ್ತಾರೆ. ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ದರ, ನಿಯಮ ಬದಲಾಗುತ್ತಿರುತ್ತವೆ. ಖರೀದಿ ಬಟನ್ ಒತ್ತುವ ದಿನ ಕಂಪನಿಯ ದರಪಟ್ಟಿಯನ್ನು ಇನ್ನೊಮ್ಮೆ ನೋಡಿಕೊಳ್ಳಿ.

ರಿಸರ್ವ್ ಮಾಡಿದರೆ ನಾನು ಕೊಳ್ಳುವುದು ಏನನ್ನು? ಮಷೀನನ್ನಾ?

ಅಲ್ಲ, ದರವನ್ನು. ಗೊಂದಲ ಶುರುವಾಗುವುದೇ ಇಲ್ಲಿ.

ರಿಸರ್ವ್ ಮಾಡಿದ ತಕ್ಷಣ ಹೊಸ ಮಷೀನ್ ಯಾವುದೂ ಚಾಲೂ ಆಗುವುದಿಲ್ಲ. ಈಗ ಓಡುತ್ತಿರುವ ಮಷೀನ್‌ಗೆ ಏನೂ ಆಗುವುದಿಲ್ಲ, ಅದನ್ನು ರೀಸ್ಟಾರ್ಟ್ ಮಾಡುವುದೂ ಬೇಡ. ಬದಲಾಗುವುದು ಬಿಲ್ಲು ಮಾತ್ರ. "ಇಂಥ ಊರಿನ ಡೇಟಾ ಸೆಂಟರ್‌ನಲ್ಲಿ, ಇಂಥ ಜಾತಿಯ ಒಂದು ಮಷೀನ್‌ಗೆ, ವರ್ಷಪೂರ್ತಿ, ಪ್ರತಿ ಗಂಟೆಗೂ ದುಡ್ಡು ಕೊಡುತ್ತೇನೆ" ಅಂತ ನೀವು ಒಪ್ಪುತ್ತೀರಿ. "ಹಾಗಾದರೆ ಆ ಗಂಟೆಯ ದರ ಕಡಿಮೆ ಮಾಡುತ್ತೇನೆ" ಅಂತ ಅವರು ಒಪ್ಪುತ್ತಾರೆ. ಆ ವಿವರಕ್ಕೆ ಹೊಂದುವ ಮಷೀನ್ ನಿಮ್ಮ ಖಾತೆಯಲ್ಲಿ ಓಡುತ್ತಿದ್ದರೆ ಕಡಿಮೆ ದರ ತಾನಾಗಿಯೇ ಅದಕ್ಕೆ ಹತ್ತುತ್ತದೆ. ಓಡದಿದ್ದರೂ ಕೊಡಬೇಕಾದ ದುಡ್ಡು ನಿಲ್ಲುವುದಿಲ್ಲ.

ಕೊಪ್ಪ, ತರೀಕೆರೆ ಕಡೆಯವರಿಗೆ ಅಡಿಕೆ ಚೇಣಿ, ಅಂದರೆ ಫಸಲಿನ ಗುತ್ತಿಗೆ, ಗೊತ್ತು. ಮರದಲ್ಲಿ ಗೊನೆ ಇರುವಾಗಲೇ ಲೆಕ್ಕ ಹಾಕಿ ಮಾತಾಡಿಬಿಡುತ್ತಾರೆ. ಆಮೇಲೆ ಕೊಳೆ ರೋಗ ಬಂದು ಕಾಯಿ ಉದುರಿತು ಅಂತ ಚೇಣಿದಾರ ಕೊಟ್ಟ ದುಡ್ಡು ವಾಪಸ್ ಕೇಳುವ ಹಾಗಿಲ್ಲ. ಇಲ್ಲಿ ಚೇಣಿದಾರ ನೀವು.

ಇನ್ನೊಂದು ಮಾತು. ಬಳಸದ ಗಂಟೆ ಮುಂದಿನ ಗಂಟೆಗೆ ಜಮಾ ಆಗುವುದಿಲ್ಲ. ಇವತ್ತು ರಾತ್ರಿ ಮಷೀನ್ ಆಫ್ ಮಾಡಿ, ನಾಳೆ ಎರಡು ಓಡಿಸಿ ಸರಿದೂಗಿಸುತ್ತೇನೆ ಅಂದರೆ ನಡೆಯುವುದಿಲ್ಲ. ಆ ಗಂಟೆ ಹೋಯಿತು ಅಂದರೆ ಹೋಯಿತು.

ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಎಲ್ಲ ಒಂದೇನಾ?

ಮೂಲ ಒಂದೇ, ಹೆಸರು ಬೇರೆ. ಅಮೆಜಾನ್‌ನವರು 2009ರಲ್ಲಿ ಶುರು ಮಾಡಿದ್ದು ರಿಸರ್ವ್ಡ್ ಇನ್‌ಸ್ಟನ್ಸ್. 2019ರಲ್ಲಿ ಅದರ ಪಕ್ಕಕ್ಕೆ ಸೇವಿಂಗ್ಸ್ ಪ್ಲಾನ್ ತಂದರು (ಅದರ ವಿಷಯ ಮುಂದೆ ಇದೆ). ಮೈಕ್ರೋಸಾಫ್ಟ್ ಅಜೂರ್‌ನಲ್ಲಿ ರಿಸರ್ವೇಶನ್ ಅನ್ನುತ್ತಾರೆ, ಅಲ್ಲೂ 2022ರಿಂದ ಸೇವಿಂಗ್ಸ್ ಪ್ಲಾನ್ ಇದೆ. ಗೂಗಲ್‌ನವರದು ಕಮಿಟೆಡ್ ಯೂಸ್ ಡಿಸ್ಕೌಂಟ್. ಹೆಚ್ಚಿನವುಗಳ ಅವಧಿ 1 ವರ್ಷ ಅಥವಾ 3 ವರ್ಷ. ಯಾವ ಕರಾರಿಗೂ ಒಳಪಡದೆ ಬಳಸಿದಷ್ಟಕ್ಕೆ ಕೊಡುವ ಮಾಮೂಲಿ ದರಕ್ಕೆ ಆನ್ ಡಿಮಾಂಡ್ ಅಂತ ಹೆಸರು. ನೀವು ಏನೂ ಮಾಡದೆ ಸುಮ್ನೆ ಇದ್ದರೆ ಕೊಡುತ್ತಿರುವುದು ಅದನ್ನೇ.

ಶೇ. 72 ಉಳಿಯುತ್ತದೆ ಅಂತ ಜಾಹೀರಾತಿನಲ್ಲಿದೆ. ನಿಜವಾ?

"ಶೇ. 72ರವರೆಗೆ" ಅಂತ ಇದೆ. ಆ "ವರೆಗೆ" ಅನ್ನುವ ಪದದ ಮೇಲೆ ಬೆರಳಿಟ್ಟು ಓದಿ. ಸೀರೆ ಅಂಗಡಿಯ ಆಷಾಢದ ಬೋರ್ಡಿನಲ್ಲೂ ಅದೇ ಪದ ಚಿಕ್ಕ ಅಕ್ಷರದಲ್ಲಿರುತ್ತದೆ, ಅಲ್ವಾ?

ಅಮೆಜಾನ್, ಅಜೂರ್ ಎರಡೂ ವರ್ಚುವಲ್ ಮಷೀನ್‌ಗೆ (ಬಾಡಿಗೆಗೆ ಸಿಗುವ ಕ್ಲೌಡ್ ಮಷೀನ್‌ಗೆ) ಹೇಳುವ ಗರಿಷ್ಠ ಶೇ. 72. ಗೂಗಲ್‌ನಲ್ಲಿ ಹೆಚ್ಚಿನ ಮಷೀನ್‌ಗಳಿಗೆ ಶೇ. 57ರವರೆಗೆ, ಜಾಸ್ತಿ ಮೆಮೊರಿಯ ದೊಡ್ಡ ಮಷೀನ್‌ಗಳಿಗೆ ಶೇ. 70ರವರೆಗೆ. ಅಷ್ಟು ಸಿಗಬೇಕಾದರೆ ಸಾಮಾನ್ಯವಾಗಿ 3 ವರ್ಷಕ್ಕೆ ಕಟ್ಟಿಕೊಳ್ಳಬೇಕು. ನಮ್ಮಂಥವರು ಬಳಸುವ ಸಣ್ಣ, ಮಧ್ಯಮ ಮಷೀನ್‌ಗೆ, 1 ವರ್ಷಕ್ಕೆ, ಮುಂಗಡ ಇಲ್ಲದೆ ನನ್ನ ಗಿರಾಕಿಗಳ ಬಿಲ್ಲಿನಲ್ಲಿ ಕಂಡದ್ದು ಶೇ. 30ರಿಂದ 40ರ ಆಸುಪಾಸು. ಡೇಟಾಬೇಸ್‌ಗೆ ಇನ್ನೂ ಸ್ವಲ್ಪ ಕಡಿಮೆ. ಗೂಗಲ್‌ನ ಡೇಟಾಬೇಸ್ ಸೇವೆಯಾದ ಕ್ಲೌಡ್ ಎಸ್‌ಕ್ಯೂಎಲ್ ಈ ವಿಷಯದಲ್ಲಿ ನೇರವಾಗಿದೆ: 1 ವರ್ಷಕ್ಕೆ ಶೇ. 25, 3 ವರ್ಷಕ್ಕೆ ಶೇ. 52.

ಶೇ. 30 ಅಂದರೂ ಸಣ್ಣ ದುಡ್ಡಲ್ಲ. ಆದರೆ 72 ಅಂತ ತಲೆಯಲ್ಲಿಟ್ಟುಕೊಂಡು ಲೆಕ್ಕಕ್ಕೆ ಕೂರಬೇಡಿ.

ನನಗೆ ಲಾಭವಾ ನಷ್ಟವಾ ಅಂತ ಕಾಗದದ ಮೇಲೆ ಹೇಗೆ ನೋಡುವುದು?

ಲೆಕ್ಕ ಸುಲಭವಾಗಲಿ ಅಂತ ಗಂಟೆಗೆ 10 ರೂಪಾಯಿಯ ಮಷೀನ್ ಅಂದುಕೊಳ್ಳೋಣ. ವರ್ಷಕ್ಕೆ 8,760 ಗಂಟೆ. ಆನ್ ಡಿಮಾಂಡ್‌ನಲ್ಲಿ ವರ್ಷಪೂರ್ತಿ ಓಡಿಸಿದರೆ 87,600 ರೂಪಾಯಿ. ಶೇ. 40 ರಿಯಾಯಿತಿಯಲ್ಲಿ ರಿಸರ್ವ್ ಮಾಡಿದರೆ ಗಂಟೆಗೆ 6 ರೂಪಾಯಿ, ವರ್ಷಕ್ಕೆ 52,560. ಉಳಿತಾಯ 35,040. ಇಲ್ಲಿಯವರೆಗೆ ಎಲ್ಲರಿಗೂ ಖುಷಿ.

ಈಗ ಹಾಳೆ ತಿರುಗಿಸಿ. ಏಳು ತಿಂಗಳಿಗೆ ಗಿರಾಕಿ ವ್ಯವಹಾರ ನಿಲ್ಲಿಸಿದ, ಮಷೀನ್ ತೆಗೆದುಹಾಕಿದಿರಿ. ತಿಂಗಳಿಗೆ 730 ಗಂಟೆಯಂತೆ 5,110 ಗಂಟೆ ಓಡಿದೆ. ಆನ್ ಡಿಮಾಂಡ್‌ನಲ್ಲಿದ್ದಿದ್ದರೆ 51,100 ಆಗುತ್ತಿತ್ತು. ರಿಸರ್ವ್ ಮಾಡಿದ್ದರಿಂದ ಉಳಿದ ಐದು ತಿಂಗಳದ್ದೂ ಸೇರಿ 52,560 ಕಟ್ಟಲೇಬೇಕು. ಸಾವಿರದ ನಾನೂರ ಅರವತ್ತು ರೂಪಾಯಿ ಕೈಯಿಂದ ಹೋಯಿತು.

ನೆನಪಿಡುವ ಸೂತ್ರ ಒಂದೇ: ನೂರರಲ್ಲಿ ರಿಯಾಯಿತಿ ಕಳೆಯಿರಿ. ಶೇ. 40 ರಿಯಾಯಿತಿ ಇದ್ದರೆ ಮಷೀನ್ ಅವಧಿಯ ಶೇ. 60ರಷ್ಟು ಹೊತ್ತು ಓಡಲೇಬೇಕು. ವರ್ಷದಲ್ಲಿ 219 ದಿನ. ಶೇ. 25 ಅಂದರೆ ಶೇ. 75, ಸುಮಾರು ಒಂಬತ್ತು ತಿಂಗಳು. ಅದಕ್ಕಿಂತ ಜಾಸ್ತಿ ಓಡಿದ ಪ್ರತಿ ಗಂಟೆಯೂ ಲಾಭ, ಕಡಿಮೆಯಾದರೆ ನಷ್ಟ.

ನನ್ನ ಹತ್ತಿರ ಐದು ಮಷೀನ್ ಇವೆ. ಐದನ್ನೂ ರಿಸರ್ವ್ ಮಾಡಲಾ?

ಬಹಳ ಜನ ಎಡವುವ ಜಾಗ ಇದು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೂಡಿಗೆರೆ ಕಡೆಯ ಹೋಮ್‌ಸ್ಟೇ ಮಾಲೀಕರೊಬ್ಬರಿದ್ದಾರೆ. ಅಕ್ಕಪಕ್ಕದ ಹೋಮ್‌ಸ್ಟೇಗಳನ್ನೂ ಸೇರಿಸಿಕೊಂಡು ಒಂದು ಬುಕಿಂಗ್ ಸೈಟ್ ನಡೆಸುತ್ತಾರೆ. ಬಿಲ್ಲು ಹಿಡಿದುಕೊಂಡು ನನ್ನ ಆಫೀಸಿಗೆ ಬಂದರು. "ಐದೂ ಮಷೀನ್ ಕಟ್ಟಿಬಿಡಪ್ಪ, ಉಳಿದಷ್ಟು ಉಳೀಲಿ" ಅಂದರು. "ತಡೀರಿ ಅಣ್ಣ, ಒಂದು ಚಿತ್ರ ತೋರಿಸ್ತೀನಿ" ಅಂತ ಹಿಂದಿನ ಎರಡು ತಿಂಗಳ ಗಂಟೆಗಂಟೆಯ ಗ್ರಾಫ್ ತೆಗೆದೆ.

ಸೋಮವಾರದಿಂದ ಗುರುವಾರದವರೆಗೆ ಗ್ರಾಫ್ ಗದ್ದೆಯ ಹಾಗೆ ಮಟ್ಟಸ. ಎರಡೇ ಮಷೀನ್. ಶುಕ್ರವಾರ ಸಂಜೆ ಐದಕ್ಕೆ ಬೆಂಗಳೂರಿನವರ ಆಫೀಸ್ ಬಿಡುತ್ತದೆ ನೋಡಿ, ಅಲ್ಲಿಂದ ಗ್ರಾಫ್ ಮುಳ್ಳಯ್ಯನಗಿರಿ ಹತ್ತುತ್ತದೆ. ಮೂರು, ನಾಲ್ಕು, ಐದು. ಭಾನುವಾರ ನಡುರಾತ್ರಿಗೆ ಮತ್ತೆ ಎರಡಕ್ಕೆ ಇಳಿಯುತ್ತದೆ. ಮಗಳ ಜಾಮಿಟ್ರಿ ಬಾಕ್ಸಿನ ಪ್ಲಾಸ್ಟಿಕ್ ಸ್ಕೇಲ್ ಮೇಜಿನ ಮೇಲೇ ಇತ್ತು. ಅದನ್ನು ಪರದೆಗೆ ಅಡ್ಡ ಹಿಡಿದು, ಎಲ್ಲ ತಗ್ಗುಗಳಿಗೂ ತಾಗುವವರೆಗೆ ಕೆಳಗೆ ಜಾರಿಸಿದೆ. ಸ್ಕೇಲ್ ನಿಂತದ್ದು ಎರಡರ ಗೆರೆಯ ಮೇಲೆ.

"ಈ ಸ್ಕೇಲಿನ ಕೆಳಗಿರೋದನ್ನ ಮಾತ್ರ ರಿಸರ್ವ್ ಮಾಡೋಣ ಅಣ್ಣ" ಅಂದೆ.

ಅವರು ಒಂದು ನಿಮಿಷ ನೋಡಿದರು. "ಓ, ಇದು ನಮ್ಮ ಲೈನ್ ಮನೆ ಲೆಕ್ಕ" ಅಂದರು. ವರ್ಷಪೂರ್ತಿ ತೋಟದ ಲೈನ್‌ನಲ್ಲಿ ಇರುವ ಆಳುಗಳಿಗೆ ಮಳೆಯೋ ಬಿಸಿಲೋ, ಕೆಲಸ ಇದ್ದೇ ಇರುತ್ತದೆ. ಕೊಯ್ಲಿಗೆ ಬರುವವರಿಗೆ ಕೆ.ಜಿ. ಲೆಕ್ಕ, ಹಣ್ಣು ಮುಗಿದ ಮೇಲೆ ಅವರು ಅವರ ದಾರಿ. ಕೊಯ್ಲಿನ ಜನವನ್ನೆಲ್ಲ ವರ್ಷಪೂರ್ತಿ ಲೈನ್‌ನಲ್ಲಿ ಇಟ್ಟುಕೊಳ್ಳುವ ಪ್ಲಾಂಟರ್ ಯಾರೂ ಇಲ್ಲ. ನಾನು ಅರ್ಧ ಗಂಟೆ ಹೇಳಬೇಕು ಅಂದುಕೊಂಡಿದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು.

ಮೂರನೇ ಮಷೀನಿನ ಲೆಕ್ಕವನ್ನೂ ಬರೆದು ತೋರಿಸಿದೆ. ಶುಕ್ರವಾರ ಐದರಿಂದ ಭಾನುವಾರ ನಡುರಾತ್ರಿವರೆಗೆ 55 ಗಂಟೆ. ವಾರಕ್ಕೆ ಇರುವುದು 168. ಶೇ. 33 ಕೂಡ ಆಗಲಿಲ್ಲ. ನಮಗೆ ಬೇಕಿದ್ದದ್ದು ಶೇ. 60. ಹಾಗಾಗಿ ಅದು ಆನ್ ಡಿಮಾಂಡ್‌ನಲ್ಲೇ ಇರಲಿ ಅಂತಾಯಿತು.

ಒಂದು ಎಚ್ಚರಿಕೆ: ಗ್ರಾಫ್ ನೋಡುವಾಗ ಡಿಸೆಂಬರ್ ಒಂದನ್ನೇ ನೋಡಬೇಡಿ. ನಮ್ಮ ಕಡೆ ಕ್ರಿಸ್‌ಮಸ್ ವಾರದ ತಗ್ಗು ಕೂಡ ಜುಲೈನ ಏರಿಗಿಂತ ಮೇಲಿರುತ್ತದೆ. ಅಮೆಜಾನ್‌ನ ಬಿಲ್ಲಿಂಗ್ ಪುಟ ತಾನೇ ಸಲಹೆ ಕೊಡುತ್ತದೆ, ಆದರೆ ಅದು ಹಿಂದೆ ನೋಡುವುದು 7, 30 ಇಲ್ಲವೇ 60 ದಿನ ಮಾತ್ರ. ಅದಕ್ಕೆ ನಮ್ಮ ಮಳೆಗಾಲ ಗೊತ್ತಿಲ್ಲ.

ಮೊದಲು ಡೇಟಾಬೇಸ್ ಮಾಡಲಾ, ವರ್ಚುವಲ್ ಮಷೀನ್ ಮಾಡಲಾ?

ಡೇಟಾಬೇಸ್. ಕಣ್ಣು ಮುಚ್ಚಿ ಹೇಳುತ್ತೇನೆ.

ವೆಬ್ ಮಷೀನ್‌ಗಳು ಬರುತ್ತವೆ, ಹೋಗುತ್ತವೆ. ಡೇಟಾಬೇಸ್ ಮಾತ್ರ ಮನೆಯ ಒಲೆಯ ಹಾಗೆ. ಸೈಟಿಗೆ ರಾತ್ರಿ ಎರಡಕ್ಕೆ ಒಬ್ಬರೇ ಬಂದರೂ ಅದು ಎದ್ದಿರಬೇಕು. ಅದನ್ನು ವಾರಕ್ಕೊಮ್ಮೆ ದೊಡ್ಡದು, ಸಣ್ಣದು ಮಾಡುತ್ತಾ ಕೂರುವವರೂ ಕಡಿಮೆ. ಆಫ್ ಮಾಡಿ ಉಳಿಸೋಣ ಅಂದರೂ ಅಮೆಜಾನ್‌ನ ಡೇಟಾಬೇಸ್ ಸೇವೆಯಾದ ಆರ್‌ಡಿಎಸ್‌ನಲ್ಲಿ ನಿಲ್ಲಿಸಿದ ಡೇಟಾಬೇಸ್ 7 ದಿನಕ್ಕೆ ತಾನೇ ಚಾಲೂ ಆಗುತ್ತದೆ. ಇದು ಗೊತ್ತಿಲ್ಲದೆ "ನಿಲ್ಲಿಸಿದ್ದೆನಲ್ಲ" ಅಂತ ಬಿಲ್ಲು ಹಿಡಿದು ಬಂದವರು ಇಬ್ಬರಿದ್ದಾರೆ. ವರ್ಷಪೂರ್ತಿ ಎಚ್ಚರವಿರುವ ವಸ್ತುವಿಗೇ ರಿಸರ್ವ್ ದರ ಹೇಳಿ ಮಾಡಿಸಿದ್ದು.

ಡೇಟಾಬೇಸ್ ರಿಸರ್ವ್ ಮಾಡಿದೆ. ಬಿಲ್ಲು ಅಂದುಕೊಂಡಷ್ಟು ಇಳಿಯಲೇ ಇಲ್ಲ. ಯಾಕೆ?

ರಿಯಾಯಿತಿ ಸಿಗುವುದು ಮಷೀನಿನ ಗಂಟೆಗೆ ಮಾತ್ರ. ಡಿಸ್ಕ್, ಬ್ಯಾಕಪ್, ಡೇಟಾ ಹೊರಗೆ ಹೋಗುವ ಖರ್ಚು, ಇವೆಲ್ಲ ಹಳೇ ದರದಲ್ಲೇ ಬರುತ್ತವೆ. ಒಂದು ಕ್ಲಿನಿಕ್‌ನ ಬಿಲ್ಲು ಬಿಡಿಸಿ ನೋಡಿದರೆ ಅರ್ಧ ದುಡ್ಡು ಹಳೆಯ ಸ್ನ್ಯಾಪ್‌ಶಾಟ್‌ಗಳಿಗೆ (ಡೇಟಾದ ನಕಲು ಪ್ರತಿಗಳಿಗೆ) ಹೋಗುತ್ತಿತ್ತು. ಯಾರೋ ಒಮ್ಮೆ ದಿನಾ ತೆಗೆಯುವ ಹಾಗೆ ಇಟ್ಟು ಮರೆತಿದ್ದರು. ಅದನ್ನು ಅಳಿಸಿದ್ದರಿಂದ ಉಳಿದದ್ದೇ ರಿಸರ್ವ್ ಮಾಡಿದ್ದಕ್ಕಿಂತ ಜಾಸ್ತಿ.

ಅಜೂರ್‌ನ ಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ರಿಸರ್ವೇಶನ್ ಸಿಗುವುದು ವಿಕೋರ್ (ಪ್ರೊಸೆಸರ್ ಕೋರ್‌ಗಳ ಎಣಿಕೆ) ಲೆಕ್ಕದಲ್ಲಿ ಕೊಂಡಿದ್ದರೆ ಮಾತ್ರ, ಡಿಟಿಯು (ಪ್ರೊಸೆಸರ್, ಮೆಮೊರಿ, ಡಿಸ್ಕ್ ಎಲ್ಲ ಸೇರಿದ ಅಳತೆ) ಲೆಕ್ಕದ ಹಳೆಯ ಪ್ಲಾನ್‌ಗಳಿಗೆ ಇಲ್ಲ. ಲೈಸೆನ್ಸ್ ದುಡ್ಡೂ ಅದರಲ್ಲಿ ಸೇರಿಲ್ಲ. ಗೂಗಲ್‌ನಲ್ಲಿ ಶೇರ್ಡ್ ಕೋರ್ ಅನ್ನುವ ಅತಿ ಸಣ್ಣ ಡೇಟಾಬೇಸ್‌ಗಳಿಗೆ ಆ ಶೇ. 25 ಅನ್ವಯಿಸುವುದಿಲ್ಲ.

ಇನ್ನು ಹಳೇ ವರ್ಷನ್‌ನ ದಂಡ. ಮೈಎಸ್‌ಕ್ಯೂಎಲ್ ಅನ್ನುವ ಡೇಟಾಬೇಸ್ ಸಾಫ್ಟ್‌ವೇರ್‌ನ 5.7ನೇ ವರ್ಷನ್ ಆಯಸ್ಸು 2023ರ ಅಕ್ಟೋಬರ್‌ಗೆ ಮುಗಿಯಿತು. ಇನ್ನೂ ಅದರಲ್ಲೇ ಇದ್ದರೆ ಆರ್‌ಡಿಎಸ್‌ನವರು 2024ರ ಮಾರ್ಚ್ 1ರಿಂದ ವಿಸ್ತರಿತ ಬೆಂಬಲ ಅಂತ ಬೇರೆ ದುಡ್ಡು ಹಾಕುತ್ತಾರೆ. ರಿಸರ್ವ್ ಮಾಡಿದರೂ ಅದು ಹೋಗುವುದಿಲ್ಲ. ಮೊದಲು ವರ್ಷನ್ ಏರಿಸಿ, ಆಮೇಲೆ ಈ ಕಡೆ ಬನ್ನಿ.

1 ವರ್ಷವಾ, 3 ವರ್ಷವಾ?

ನಮ್ಮ ಊರಿನ ಸಣ್ಣ ವ್ಯವಹಾರಕ್ಕೆ 1 ವರ್ಷ ಅಂತಲೇ ಹೇಳುತ್ತೇನೆ. ಮೂರು ವರ್ಷದಲ್ಲಿ ಹೊಸ ತಲೆಮಾರಿನ ಮಷೀನ್ ಬರುತ್ತದೆ. ಅದೇ ಕೆಲಸಕ್ಕೆ ಕಡಿಮೆ ದರ ಇರುತ್ತದೆ, ನೀವು ಹಳೆಯದಕ್ಕೆ ಕಟ್ಟುಬಿದ್ದಿರುತ್ತೀರಿ. ಉದಾಹರಣೆಗೆ ಅಮೆಜಾನ್‌ನಲ್ಲಿ ಟಿ3 ಜಾತಿಗೆ ಮಾಡಿದ ಮಾಮೂಲಿ ರಿಸರ್ವೇಶನ್ ಟಿ4ಜಿ ಮಷೀನ್‌ಗೆ ಹತ್ತುವುದಿಲ್ಲ. ಹಾಗಾಗಿ ಜಾತಿ ಬದಲಿಸುವುದು, ದೊಡ್ಡದನ್ನು ಸಣ್ಣದು ಮಾಡುವುದು ಏನಿದ್ದರೂ ಮೊದಲೇ ಮುಗಿಸಿಕೊಳ್ಳಿ. ಒಂದೆರಡು ತಿಂಗಳು ಓಡಿಸಿ ನೋಡಿ, ಆಮೇಲೆ ರಿಸರ್ವ್ ಮಾಡಿ. ಸೈಜ್ ಸರಿಯಿಲ್ಲದ ಚಪ್ಪಲಿಯನ್ನು ರಿಯಾಯಿತಿಯಲ್ಲಿ ಕೊಂಡು ಏನು ಮಾಡುತ್ತೀರಿ?

ಮೂರು ವರ್ಷ ಯಾರಿಗೆ? ಗಿರಾಕಿಯ ಜೊತೆ ನಿಮಗೇ ಮೂರು ವರ್ಷದ ಕರಾರು ಕಾಗದದಲ್ಲಿ ಇದ್ದರೆ.

ಪೂರ್ತಿ ಮುಂಗಡ ಕೊಡುವುದು ಒಳ್ಳೆಯದಾ?

ಅಮೆಜಾನ್‌ನಲ್ಲಿ ಮೂರು ಬಗೆ ಇದೆ: ಪೂರ್ತಿ ಮುಂಗಡ, ಅರ್ಧ ಮುಂಗಡ, ಮುಂಗಡ ಇಲ್ಲ. ಮುಂಗಡ ಜಾಸ್ತಿ ಕೊಟ್ಟಷ್ಟೂ ರಿಯಾಯಿತಿ ಸ್ವಲ್ಪ ಏರುತ್ತದೆ. 1 ವರ್ಷದ್ದರಲ್ಲಿ ಆ ವ್ಯತ್ಯಾಸ ದೊಡ್ಡದೇನಲ್ಲ. ಬ್ಯಾಂಕಿನ ಓವರ್‌ಡ್ರಾಫ್ಟ್ ಬಡ್ಡಿಯ ಪಕ್ಕದಲ್ಲಿಟ್ಟು ನೋಡಿ. ಬಡ್ಡಿ ಕಟ್ಟುತ್ತಾ ಮುಂಗಡ ಕೊಡುವುದರಲ್ಲಿ ಹುರುಳಿಲ್ಲ. ಆರ್‌ಡಿಎಸ್‌ನಲ್ಲಿ ಮುಂಗಡ ಇಲ್ಲದ ಬಗೆ 1 ವರ್ಷಕ್ಕೆ ಮಾತ್ರ ಸಿಗುತ್ತದೆ. 3 ವರ್ಷಕ್ಕೆ ಏನಾದರೂ ಮುಂಗಡ ಕೊಡಲೇಬೇಕು. ಅಜೂರ್‌ನಲ್ಲಿ ತಿಂಗಳು ತಿಂಗಳು ಕಟ್ಟಿದರೂ ಒಟ್ಟಿಗೆ ಕಟ್ಟಿದರೂ ಮೊತ್ತ ಅಷ್ಟೇ, ಹಾಗಾಗಿ ಅಲ್ಲಿ ತಿಂಗಳ ಕಂತೇ ಸರಿ.

ಸೈಜ್ ಬದಲಾದರೆ ರಿಸರ್ವೇಶನ್ ವ್ಯರ್ಥವಾ?

ಜಾತಿ ಅದೇ ಇದ್ದರೆ ಹೆಚ್ಚಿನ ಸಲ ಇಲ್ಲ. ಅಮೆಜಾನ್‌ನವರು ಸೈಜ್‌ಗೆ ಅಂಕ ಕೊಟ್ಟಿದ್ದಾರೆ: ಸ್ಮಾಲ್ 1, ಮೀಡಿಯಂ 2, ಲಾರ್ಜ್ 4, ಎಕ್ಸ್‌ಲಾರ್ಜ್ 8. ಊರಿಗೆ ಪೂರ್ತಿ ಅನ್ವಯಿಸುವ ಲಿನಕ್ಸ್ ರಿಸರ್ವೇಶನ್ ಆದರೆ ಒಂದು ಎಕ್ಸ್‌ಲಾರ್ಜ್‌ನ ರಿಯಾಯಿತಿ ಎರಡು ಲಾರ್ಜ್‌ಗೆ ಹಂಚಿಹೋಗುತ್ತದೆ. ಡೇಟಾಬೇಸ್‌ನಲ್ಲೂ ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಮರಿಯಾಡಿಬಿಗೆ ಈ ಸೌಲಭ್ಯ ಇದೆ. ಎಸ್‌ಕ್ಯೂಎಲ್ ಸರ್ವರ್‌ಗೆ ಇಲ್ಲ, ಅಲ್ಲಿ ಕೊಂಡ ಸೈಜೇ ಸೈಜು. ಎರಡು ಕಡೆ ಜೋಡಿಯಾಗಿ ಓಡುವ ಡೇಟಾಬೇಸ್‌ಗೆ ಅಂಕವೂ ಎರಡರಷ್ಟು ಬೇಕು. ಒಂಟಿ ಲಾರ್ಜ್‌ಗೆ ರಿಸರ್ವ್ ಮಾಡಿ ಜೋಡಿ ಲಾರ್ಜ್ ಓಡಿಸಿದರೆ ಅರ್ಧಕ್ಕೆ ಮಾತ್ರ ರಿಯಾಯಿತಿ ಸಿಗುತ್ತದೆ.

ಯಾವ ಊರಿನ ಡೇಟಾ ಸೆಂಟರ್ ಆರಿಸಬೇಕು? ಬೆಂಗಳೂರಿನದು ಇಲ್ವಾ?

ಇದು ಕೇಳದ ಹಾಸನದವರಿಲ್ಲ. ಈ ಮೂರೂ ಕಂಪನಿಗಳ ರೀಜನ್ (ಡೇಟಾ ಸೆಂಟರ್‌ಗಳ ನೆಲೆ) ಬೆಂಗಳೂರಿನಲ್ಲಿಲ್ಲ. ಅಮೆಜಾನ್‌ದು ಮುಂಬೈ (2016) ಮತ್ತು ಹೈದರಾಬಾದ್ (2022). ಗೂಗಲ್‌ದು ಮುಂಬೈ ಮತ್ತು ದೆಹಲಿ. ಅಜೂರ್‌ದು ಪುಣೆ, ಚೆನ್ನೈ, ಮುಂಬೈ. ಮಷೀನ್ ಈಗ ಎಲ್ಲಿ ಓಡುತ್ತಿದೆಯೋ ರಿಸರ್ವೇಶನ್ ಅದೇ ಊರಿನದಾಗಿರಬೇಕು. ದರವೂ ಊರಿನಿಂದ ಊರಿಗೆ ಬೇರೆ.

ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ. ಒಂದು ಜುಲೈ ಸಂಜೆ. ಕರೆಂಟ್ ಹೋಗಿ ಯುಪಿಎಸ್ ಕೀಂ ಕೀಂ ಅನ್ನುತ್ತಿತ್ತು. ಹತ್ತು ನಿಮಿಷದಲ್ಲಿ ಲ್ಯಾಪ್‌ಟಾಪ್ ಆಫ್ ಆಗುತ್ತದೆ, ಅಷ್ಟರಲ್ಲಿ ಖರೀದಿ ಮುಗಿಸಿಬಿಡೋಣ ಅಂತ ಹೊರಟೆ. ಪರದೆಯ ಮೂಲೆಯಲ್ಲಿ ಊರಿನ ಹೆಸರು ಬೇರೆ ಇತ್ತು. ಹಿಂದಿನ ವಾರ ಏನೋ ನೋಡಲು ಬದಲಿಸಿದ್ದೆ, ವಾಪಸ್ ಮಾಡಿರಲಿಲ್ಲ. ತಿಂಗಳ ಕೊನೆಗೆ ಬಿಲ್ಲು ಬಂದಾಗ ಮಷೀನ್‌ಗೆ ಪೂರ್ತಿ ದರ, ಮೇಲಿಂದ ಖಾಲಿ ರಿಸರ್ವೇಶನ್‌ಗೆ ಬೇರೆ ದುಡ್ಡು. ಬರೆದು ಕೇಳಿದೆ. ಒಂದು ವಾರ ಓಡಾಡಿಸಿ, ಆಗುವುದಿಲ್ಲ ಅಂದರು. ಕೊನೆಗೆ ಬ್ಯಾಕಪ್ ಮಷೀನನ್ನು ಆ ಊರಿಗೆ ಎತ್ತಿ ಹಾಕಿದೆ. ಬೇಕಿತ್ತೋ ಬೇಡವಾಗಿತ್ತೋ, ಒಂದು ವರ್ಷ ಅಲ್ಲೇ ಓಡಿಸಿದೆ. ಈಗ ಖರೀದಿ ಮಾಡುವಾಗ ಊರು, ಜಾತಿ, ಸೈಜ್, ಆಪರೇಟಿಂಗ್ ಸಿಸ್ಟಮ್, ಎಣಿಕೆ, ಅವಧಿ, ಆರನ್ನೂ ಪಕ್ಕದವರ ಕೈಲಿ ಗಟ್ಟಿಯಾಗಿ ಓದಿಸುತ್ತೇನೆ.

ಬೇಡ ಅನ್ನಿಸಿದರೆ ರದ್ದು ಮಾಡಬಹುದಾ? ಮಾರಬಹುದಾ?

ಕಂಪನಿಗೊಂದು ನಿಯಮ. ಅಜೂರ್ ಸ್ವಲ್ಪ ಉದಾರಿ. ರಿಸರ್ವೇಶನ್ ವಾಪಸ್ ಕೊಡಬಹುದು, 12 ತಿಂಗಳಲ್ಲಿ ಒಟ್ಟು 50,000 ಡಾಲರ್ ಮಿತಿಯೊಳಗೆ. ನಮ್ಮಂಥವರು ಆ ಮಿತಿಯ ಹತ್ತಿರಕ್ಕೂ ಹೋಗುವುದಿಲ್ಲ. ಆದರೆ ಅವರದೇ ಸೇವಿಂಗ್ಸ್ ಪ್ಲಾನ್ ರದ್ದಾಗುವುದಿಲ್ಲ. ಗೂಗಲ್‌ನಲ್ಲಿ ಒಪ್ಪಿಕೊಂಡ ಮೇಲೆ ಮುಗಿಯಿತು. ಅಮೆಜಾನ್‌ನಲ್ಲೂ ರಿಸರ್ವೇಶನ್ ರದ್ದಿಲ್ಲ. ಸೇವಿಂಗ್ಸ್ ಪ್ಲಾನ್ ಸಣ್ಣದಾದರೆ ಕೊಂಡ 7 ದಿನದೊಳಗೆ, ಅದೂ ಅದೇ ತಿಂಗಳಲ್ಲಿ, ವಾಪಸ್ ಮಾಡಬಹುದು. ಹಾಗಾಗಿ 30ನೇ ತಾರೀಖು ಕೊಳ್ಳಬೇಡಿ, 2ನೇ ತಾರೀಖು ಕೊಳ್ಳಿ.

ಮಾರುವ ವಿಷಯ: ಅಮೆಜಾನ್‌ನಲ್ಲಿ ವರ್ಚುವಲ್ ಮಷೀನ್ ರಿಸರ್ವೇಶನ್‌ಗಳ ಸಂತೆ ಇದೆ, ನಿಜ. ಯೂಟ್ಯೂಬ್‌ನಲ್ಲಿ ಎಲ್ಲರೂ ಅದನ್ನೇ ಹೇಳುತ್ತಾರೆ. ಆದರೆ ಮಾರುವವರಿಗೆ ಅಮೆರಿಕದ ಬ್ಯಾಂಕ್ ಖಾತೆ ಬೇಕು. ಅದು ಇದ್ದರೂ ಅಮೆಜಾನ್‌ನ ಭಾರತೀಯ ಕಂಪನಿಯಿಂದ ಬಿಲ್ಲು ಪಡೆಯುವ ಖಾತೆಗಳು ಅಲ್ಲಿ ಮಾರುವಂತಿಲ್ಲ. ಡೇಟಾಬೇಸ್ ರಿಸರ್ವೇಶನ್ ಯಾರೂ ಮಾರುವಂತಿಲ್ಲ. ನಮಗೆ ಆ ಬಾಗಿಲು ಇಲ್ಲ ಅಂದುಕೊಂಡೇ ಲೆಕ್ಕ ಹಾಕಿ.

ಸೇವಿಂಗ್ಸ್ ಪ್ಲಾನ್ ಬೇರೆಯಾ?

ಅದರಲ್ಲಿ ಮಷೀನಿನ ಹೆಸರು ಹೇಳುವುದಿಲ್ಲ, ಗಂಟೆಗೆ ಇಷ್ಟು ದುಡ್ಡು ಖರ್ಚು ಮಾಡುತ್ತೇನೆ ಅಂತ ಹೇಳುತ್ತೀರಿ. ಅಮೆಜಾನ್‌ನ ಕಂಪ್ಯೂಟ್ ಸೇವಿಂಗ್ಸ್ ಪ್ಲಾನ್ ಜಾತಿ, ಸೈಜ್, ಊರು ಯಾವುದು ಬದಲಾದರೂ ಹಿಂದೆಯೇ ಬರುತ್ತದೆ. ಗರಿಷ್ಠ ರಿಯಾಯಿತಿ ಶೇ. 66, ಅಂದರೆ 72ಕ್ಕಿಂತ ಸ್ವಲ್ಪ ಕಡಿಮೆ. ಗೂಗಲ್‌ನ ಇದೇ ಥರದ್ದು 1 ವರ್ಷಕ್ಕೆ ಶೇ. 28, 3 ವರ್ಷಕ್ಕೆ ಶೇ. 46. ವರ್ಚುವಲ್ ಮಷೀನ್‌ಗೆ ನಾನು ಈಗ ಹೆಚ್ಚಾಗಿ ಇದನ್ನೇ ಆರಿಸುತ್ತೇನೆ. ರಿಯಾಯಿತಿ ಒಂದಿಷ್ಟು ಕಡಿಮೆಯಾದರೂ ರಾತ್ರಿ ನಿದ್ದೆ ಬರುತ್ತದೆ. ಆದರೆ ಕಂಪ್ಯೂಟ್ ಪ್ಲಾನ್ ಆರ್‌ಡಿಎಸ್ ಡೇಟಾಬೇಸ್‌ಗೆ ಹತ್ತುವುದಿಲ್ಲ. ಡೇಟಾಬೇಸ್‌ಗಳಿಗೇ ಬೇರೆ ಸೇವಿಂಗ್ಸ್ ಪ್ಲಾನ್ ಬಂದದ್ದು 2025ರ ಡಿಸೆಂಬರ್‌ನಲ್ಲಿ.

ರಾತ್ರಿ ಆಫ್ ಮಾಡಿದರೆ ಸಾಲದಾ?

ಎಷ್ಟೋ ಸಲ ಅದೇ ಮೇಲು! ಹಾಸನದ ಒಂದು ಕೋಚಿಂಗ್ ಸೆಂಟರ್‌ಗೆ ಟೆಸ್ಟ್ ಮಷೀನ್ ಇದೆ. ಬೆಳಿಗ್ಗೆ 8ರಿಂದ ರಾತ್ರಿ 8, ವಾರಕ್ಕೆ ಆರು ದಿನ. 72 ಗಂಟೆ. ಮೇಲಿನ 10 ರೂಪಾಯಿ ಲೆಕ್ಕದಲ್ಲೇ ವರ್ಷಕ್ಕೆ 37,440 ಆಗುತ್ತದೆ. ರಿಸರ್ವ್ ಮಾಡಿದ್ದರೆ 52,560. ಅಜೂರ್‌ನಲ್ಲಿ ಒಂದು ವಿಷಯ ನೆನಪಿರಲಿ: ಮಷೀನಿನ ಒಳಗಿನಿಂದ ಶಟ್‌ಡೌನ್ ಮಾಡಿದರೆ ಬಿಲ್ಲು ನಿಲ್ಲುವುದಿಲ್ಲ. ಪೋರ್ಟಲ್‌ನಲ್ಲಿ ನಿಲ್ಲಿಸಿ, "ಡೀಅಲೊಕೇಟೆಡ್" ಅಂತ ಬಂದಿದೆಯಾ ನೋಡಿ. ನಿಲ್ಲಿಸಿದರೂ ಡಿಸ್ಕ್ ಬಾಡಿಗೆ ಎಲ್ಲ ಕಡೆಯೂ ಇರುತ್ತದೆ.

ಹಾಸನಾಂಬೆ ಜಾತ್ರೆಗೆ ಲಾಡ್ಜ್ ಬುಕಿಂಗ್ ಸೈಟ್ ಇದೆ. ಅದಕ್ಕೆ ರಿಸರ್ವ್ ಮಾಡಬೇಕಾ?

ಬೇಡ. ದೇವಿಯ ಬಾಗಿಲು ತೆಗೆಯುವುದು ವರ್ಷಕ್ಕೊಮ್ಮೆ, ದೀಪಾವಳಿ ಹೊತ್ತಿಗೆ, ಕೆಲವೇ ದಿನ. ಆ ದಿನಗಳ ನೂಕುನುಗ್ಗಲಿಗೆ ವರ್ಷದ ಬಾಡಿಗೆ ಯಾಕೆ? ಆನ್ ಡಿಮಾಂಡ್ ಮಷೀನ್ ತನ್ನಿ, ಬಲಿಪಾಡ್ಯಮಿ ಮುಗಿದ ಮೇಲೆ ತೆಗೆಯಿರಿ. ಸ್ಪಾಟ್ ದರ (ಕಂಪನಿಯಲ್ಲಿ ಖಾಲಿ ಬಿದ್ದಿರುವ ಮಷೀನ್‌ಗಳ ದರ) ಇನ್ನೂ ಅಗ್ಗ ಅಂತ ಆಸೆ ಪಡಬೇಡಿ. ಅಮೆಜಾನ್‌ನಲ್ಲಿ ಎರಡೇ ನಿಮಿಷ ಮೊದಲು ಹೇಳಿ ಮಷೀನ್ ಕಿತ್ತುಕೊಳ್ಳುತ್ತಾರೆ. ಬುಕಿಂಗ್ ನಡುವೆ ಹಾಗಾದರೆ ಬೈಗುಳ ನಿಮಗೆ. ಹೊಸ ಖಾತೆಯಾದರೆ ಎಷ್ಟು ಮಷೀನ್ ಏರಿಸಬಹುದು ಅನ್ನುವ ಕೋಟಾ ಚಿಕ್ಕದಿರುತ್ತದೆ. ರಿಸರ್ವ್ ಮಾಡಿದ್ದರಿಂದ ಅದು ದೊಡ್ಡದಾಗುವುದಿಲ್ಲ, ಎರಡು ವಾರ ಮೊದಲೇ ಅರ್ಜಿ ಹಾಕಿ ಹೆಚ್ಚಿಸಿಕೊಳ್ಳಿ.

ಜಿಎಸ್‌ಟಿ?

ಶೇ. 18. ಜಿಎಸ್‌ಟಿ ನಂಬರ್ ಇದ್ದರೆ ಖಾತೆಯಲ್ಲಿ ಹಾಕಿಡಿ, ಇನ್‌ಪುಟ್ ಕ್ರೆಡಿಟ್ ಬರುತ್ತದೆ. ಕಾಂಪೊಸಿಷನ್ ಸ್ಕೀಮಿನಲ್ಲಿ ಇರುವವರಿಗೆ ಬರುವುದಿಲ್ಲ, ಅವರು ದರವನ್ನು ತೆರಿಗೆ ಸೇರಿಸಿಯೇ ನೋಡಬೇಕು. ಪೂರ್ತಿ ಮುಂಗಡ ಕೊಟ್ಟರೆ ತೆರಿಗೆಯೂ ಅವತ್ತೇ ಹೋಗುತ್ತದೆ. ಕಾರ್ಡಿನ ಲಿಮಿಟ್ ಅಷ್ಟಿದೆಯಾ ನೋಡಿಕೊಂಡು ಒತ್ತಿ.

ಕೊಂಡ ಮೇಲೆ ಏನು ನೋಡುತ್ತಿರಬೇಕು?

ತಿಂಗಳಿಗೊಮ್ಮೆ ಎರಡು ಅಂಕಿ. ಯುಟಿಲೈಸೇಶನ್: ಕೊಂಡದ್ದರಲ್ಲಿ ಎಷ್ಟು ಬಳಕೆಯಾಯಿತು. ಇದು ನೂರರ ಹತ್ತಿರ ಇರಬೇಕು. ಕವರೇಜ್: ಓಡಿದ್ದರಲ್ಲಿ ಎಷ್ಟಕ್ಕೆ ರಿಯಾಯಿತಿ ಸಿಕ್ಕಿತು. ಇದು ನೂರಾಗಬೇಕಿಲ್ಲ. ನಮ್ಮ ಮೂಡಿಗೆರೆ ಸೈಟಿನಲ್ಲಿ ವಾರಾಂತ್ಯದ ಮಷೀನ್‌ಗಳೆಲ್ಲ ಹೊರಗಿವೆ, ನೂರು ಹೇಗಾಗುತ್ತದೆ?

ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಬರೆದಿಡಿ. ಅಮೆಜಾನ್ ರಿಸರ್ವೇಶನ್ ಸದ್ದಿಲ್ಲದೆ ಮುಗಿಯುತ್ತದೆ. ಮಷೀನ್ ನಿಲ್ಲುವುದಿಲ್ಲ, ದರ ಮಾತ್ರ ಮತ್ತೆ ಏರಿಬಿಡುತ್ತದೆ. ಅಜೂರ್, ಗೂಗಲ್‌ನಲ್ಲಿ ತಾನೇ ನವೀಕರಿಸುವ ಆಯ್ಕೆ ಇದೆ. ಅದು ಆನ್ ಇದೆಯಾ ಆಫ್ ಇದೆಯಾ ಅಂತ ಕೊಂಡ ದಿನವೇ ನೋಡಿ.

ನೀವೇ ಒಮ್ಮೆ ನಮ್ಮ ಬಿಲ್ಲು ನೋಡಿ ಹೇಳುತ್ತೀರಾ?

ಹೇಳುತ್ತೇನೆ. ಕಳೆದ ಒಂದು ವರ್ಷದ ಬಿಲ್ಲು ತನ್ನಿ, ಗಂಟೆಗಂಟೆಯ ಗ್ರಾಫ್ ತೆಗೆಯಲು ಲಾಗಿನ್ ಗೊತ್ತಿರುವವರನ್ನು ಜೊತೆಗೆ ಕರೆತನ್ನಿ. ಸ್ಕೇಲ್ ನನ್ನ ಹತ್ತಿರ ಇದೆ. ಶುಕ್ರವಾರ ಸಂಜೆ ಮಾತ್ರ ಬರಬೇಡಿ, ಆ ಹೊತ್ತಿಗೆ ಹೋಮ್‌ಸ್ಟೇಯವರ ಫೋನ್ ಬಿಡುವಿರುವುದಿಲ್ಲ.